ಬೆಳ್ಳಕ್ಕನ ಮೊಲದ ಬಾಣಂತನ

ಗಂಗೊಳ್ಳಿಯಲ್ಲಿ ನೆಟ್ಟಗಿನ ಮೂಗು ಎಲ್ಲಿ ಕಂಡರೂ ಅದು ತನ್ನ ಕೈಕೆಲಸವೆಂದು ಬೆಳ್ಳಕ್ಕ ನಂಬಿದ್ದಳು. ಹೆತ್ತವರು ಕೊಡುವುದು ಬರೀ ಹಿಟ್ಟಿನ ಮುದ್ದೆ. ಅದನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು, ಎಣ್ಣೆಬೆರಳಲ್ಲಿ ನಲವತ್ತು ದಿನ ತೀಡಿ, ಮೂಗು ಎಂದು ಕರೆಯುವ ಮಟ್ಟಕ್ಕೆ ತರುವವಳು ತಾನು. ಮದುವೆಗೆ ಹೋದರೆ ಊಟಕ್ಕೆ ಮೊದಲು ವೇದಿಕೆ ಹತ್ತುತ್ತಿದ್ದಳು. ಮದುಮಗನ ಗಲ್ಲ ಹಿಡಿದು ಮುಖವನ್ನು ಅತ್ತಿತ್ತ ತಿರುಗಿಸಿ ಹೆಣ್ಣಿನ ಕಡೆಯವರಿಗೆ ಹೇಳುತ್ತಿದ್ದಳು: "ಹ್ವಾಯ್, ಈ ಮೂಗ್ ಕಾಣಿ. ಇದ್ ನಾನ್ ಮಾಡಿದ್ದ್." ಮೂಗು ಚಪ್ಪಟೆಯಾಗಿದ್ದರೆ ಅದಕ್ಕೂ ಉತ್ತರವಿತ್ತು, ಪಕ್ಕದೂರು ತ್ರಾಸಿಯ ಹೆಸರಿನಲ್ಲಿ. "ಇವ್ನನ್ನ್ ಮೀಸಿದ್ದ್ ನಾನಲ್ಲ, ತ್ರಾಸಿಯವ್ಳ್."

ಮೂವತ್ತನಾಲ್ಕು ವರ್ಷ ಅವಳು ಬಾಣಂತನದ ಈ ಕೆಲಸ ಮಾಡಿದಳು. ಅವಳೇ ಹೇಳುವ ಪ್ರಕಾರ ಮುನ್ನೂರಕ್ಕೂ ಮೇಲೆ ಬಾಣಂತಿಯರು ಅವಳ ಕೈಯಲ್ಲಿ ಮಿಂದಿದ್ದಾರೆ. ವಿದ್ಯೆ ಅತ್ತೆಯಿಂದ ಬಂದದ್ದು. ಕೋಣೆಗೆ ಗಾಳಿ ಬರಬಾರದು, ಕಿವಿಗೆ ಬಟ್ಟೆ ಕಟ್ಟಿರಬೇಕು, ಹಸಿರು ತರಕಾರಿ ಮುಟ್ಟಬಾರದು, ಒಳ್ಳೆಮೆಣಸು ಶುಂಠಿ ಬಿಡಬಾರದು, ಸಂಜೆ ಹೊಗೆ ತಪ್ಪಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದು: ಬಾಣಂತಿಗೆ ನೀರು ವಿಷ. "ಹಸಿ ಮೈಗೆ ನೀರ್ ಬಿದ್ರೆ ಹೊಟ್ಟಿ ಹಂಡಿ ಆತ್ತ್, ಮಗಿಗೆ ಶೀತ ಆತ್ತ್" ಎಂಬುದು ಅವಳ ಮಾತು. ಊಟದ ಮೇಲೆ ಅರ್ಧ ಲೋಟ, ಅದೂ ಜೀರಿಗೆ ಹಾಕಿ ಕುದಿಸಿದ್ದು, ಅದೂ ಅವಳ ಕಣ್ಣೆದುರು. ಬಾಣಂತಿಯರು ಬದುಕಿದ್ದರು, ಮಕ್ಕಳೂ ಬೆಳೆದು ಮೀನಿನ ಬೋಟಿಗೆ ಹೋಗುತ್ತಿದ್ದವು. ಆದ್ದರಿಂದ ಕಟ್ಟಳೆ ಸರಿ. ಕಟ್ಟಳೆ ಇದ್ದರೂ ಬದುಕಿರಬಹುದಲ್ಲ ಎಂದು ಯೋಚಿಸುವ ಪುರುಸೊತ್ತು ಹೆಸರಾದವರಿಗೆ ಇರುವುದಿಲ್ಲ.

ಆದರೆ ಕಾಲ ಕೆಟ್ಟಿತು. ಆಸ್ಪತ್ರೆಯ ನರ್ಸುಗಳು ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ, ಫ್ಯಾನ್ ಹಾಕಿಕೊಳ್ಳಿ, ಮಗುವಿನ ಮೂಗಿಗೆ ಎಣ್ಣೆ ಬಿಡಬೇಡಿ ಎಂದು ಹೇಳಿ ಕಳಿಸತೊಡಗಿದರು. ಕರೆಯುವ ಮನೆಗಳು ಕಡಿಮೆಯಾದವು. ಕಡೆಯ ಸಲ ಹೋದ ಮನೆಯಲ್ಲಿ ಬಾಣಂತಿ ತಲೆದೆಸೆಯಲ್ಲೇ ನೀರಿನ ಬಾಟಲಿ ಇಟ್ಟುಕೊಂಡು ಮೊಬೈಲು ನೋಡುತ್ತ ಮಲಗಿದ್ದಳು. ಬೆಳ್ಳಕ್ಕ ಚೀಲ ಎತ್ತಿಕೊಂಡು ಬಂದವಳು ಮತ್ತೆ ಆ ದಾರಿಯಲ್ಲಿ ನಡೆಯಲಿಲ್ಲ. ಅದಾಗಿ ಎರಡು ವರ್ಷ. ಈಗ ಅವಳ ಪಾಲಿಗೆ ಉಳಿದದ್ದು ಒಬ್ಬಳೇ, ಸ್ವಂತ ಮಗಳು ದಿವ್ಯಾ.

ದಿವ್ಯಾಳನ್ನು ಬ್ರಹ್ಮಾವರಕ್ಕೆ ಕೊಟ್ಟದ್ದು. ಗಂಡ ಸುಜನ್ ಮಲ್ಪೆಯ ಬೋಟಿಗೆ ಹೋದರೆ ಹತ್ತು ದಿನ ದಡ ಕಾಣುವವನಲ್ಲ. ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ದಿವ್ಯಾ ಜೊತೆಯಲ್ಲಿ ತನ್ನ ಮೊಲವನ್ನೂ ತಂದಳು. ಬೂದು ಬಣ್ಣ, ಹಣೆಯ ಮೇಲೊಂದು ಬಿಳಿ ಗುರುತು, ಹೆಸರು ಚುಕ್ಕಿ. ಅದಕ್ಕೂ ತಿಂಗಳು ತುಂಬುತ್ತಿತ್ತು. ಮನೆಯ ಹಿಂದಿನ ಚಾವಡಿಯಲ್ಲಿ ಹಳೆಯ ಬಲೆ ಕಟ್ಟಿದ ಗೂಡು, ಗೂಡಿನೊಳಗೆ ಮರಿ ಹಾಕಲು ಮೀನಿನ ಕ್ರೇಟು, ಕ್ರೇಟಿನಲ್ಲಿ ಒಣ ಹುಲ್ಲು. ಎಲ್ಲ ದಿವ್ಯಾಳದೇ ವ್ಯವಸ್ಥೆ.

"ನಾನ್ ನೀರ್ ಕುಡೂದೆ ಅಮ್ಮ, ಈಗ್ಲೇ ಹೇಳ್ತೆ" ಎಂದಳು ದಿವ್ಯಾ ಬಂದ ವಾರದಲ್ಲೇ.

"ಕುಡಿ, ಕುಡಿ. ಮುನ್ನೂರ್ ಬಾಣ್ತಿ ಕಂಡವ್ಳಿಗೆ ನೀ ಹೇಳ್. ನಾಳೆ ಹೊಟ್ಟಿ ಊದ್ಕಂಡ್ ಅಮ್ಮಾ ಅಂತ ಬಾ, ಕಾಂಬ."

"ಡಾಕ್ಟ್ರ್ ಹೇಳಿದ್ದ್ ಕೇಂತೆ, ಇಲ್ದಿರೆ ಬ್ರಹ್ಮಾವರಕ್ಕೇ ಹೋತೆ."

ಈ ಮಾತು ಬೆಳ್ಳಕ್ಕನಿಗೆ ಮುಳ್ಳಿನ ಹಾಗೆ ನಟ್ಟಿತು. ಊರಿನವರ ಮಕ್ಕಳನ್ನೆಲ್ಲ ಮೀಸಿದವಳ ಸ್ವಂತ ಮಗಳು ಬಾಣಂತನಕ್ಕೆ ಅತ್ತೆ ಮನೆಗೆ ಹೋದಳೆಂದರೆ ಗಂಗೊಳ್ಳಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?

ಏಪ್ರಿಲ್ ತಿಂಗಳ ಒಂದು ಶನಿವಾರ ದಿವ್ಯಾಳ ಕಾಲು ಊದಿತು. ಕುಂದಾಪುರದ ಆಸ್ಪತ್ರೆಯಲ್ಲಿ ರಕ್ತದೊತ್ತಡ ಹೆಚ್ಚಾಗಿದೆ, ಹೆರಿಗೆಯ ತನಕ ಇಲ್ಲೇ ಇರಲಿ ಎಂದರು. ಬ್ರಹ್ಮಾವರದಿಂದ ಅತ್ತೆ ಪ್ರಭಾವತಿ ಬಂದು ಮಂಚದ ಪಕ್ಕ ಕುಳಿತಳು. ಒಬ್ಬರಿಗೆ ಮಾತ್ರ ಇರಲು ಅವಕಾಶ.

"ಅಮ್ಮ, ನೀ ಮನಿಗ್ ಹೋಗ್. ಚುಕ್ಕಿಗೆ ಯಾರಿಲ್ಲೆ. ಇವತ್ತೋ ನಾಳೆಯೋ ಮರಿ ಹಾಕತ್ತ್" ಎಂದಳು ದಿವ್ಯಾ.

ಮುನ್ನೂರು ಬಾಣಂತಿಯರ ಬೆಳ್ಳಕ್ಕ ಮೊಲ ಕಾಯಲು ಗಂಗೊಳ್ಳಿ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕುಳಿತು ಮೊದಲು ಸಿಟ್ಟಾದಳು, ತ್ರಾಸಿ ದಾಟುವಷ್ಟರಲ್ಲಿ ಒಂದು ಉಪಾಯ ಹೊಳೆದು ಸಮಾಧಾನವಾದಳು. ಬಾಣಂತಿ ಎಂದರೆ ಬಾಣಂತಿಯೇ, ಮನುಷ್ಯರಾದರೇನು, ಮೊಲವಾದರೇನು. ತನ್ನ ಕ್ರಮದಲ್ಲಿ ಈ ಮೊಲವನ್ನೂ ಮರಿಗಳನ್ನೂ ಸಾಕಿ ಗುಂಡಗೆ ಮಾಡಿ ತೋರಿಸಿದರೆ ದಿವ್ಯಾಳ ಬಾಯಿ ತಾನಾಗಿ ಮುಚ್ಚುತ್ತದೆ. ಮೊಲದ ಬಾಣಂತನ ಗೆದ್ದರೆ ಮಗಳ ಬಾಣಂತನ ತನ್ನದು.

ಸೋಮವಾರ ಬೆಳಕು ಹರಿಯುವಾಗ ಚುಕ್ಕಿ ತನ್ನ ಎದೆಯ, ಹೊಟ್ಟೆಯ ತುಪ್ಪಳವನ್ನು ಬಾಯಿಂದಲೇ ಕಿತ್ತು ಕಿತ್ತು ಕ್ರೇಟಿನಲ್ಲಿ ಹಾಸಿತ್ತು. ಆ ತುಪ್ಪಳದ ನಡುವೆ ಏನೋ ಅಲುಗುತ್ತಿತ್ತು. ಬೆಳ್ಳಕ್ಕ ಕಡ್ಡಿಯಿಂದ ಸರಿಸಿ ನೋಡಿದಳು: ಕೂದಲಿಲ್ಲದ, ಕಣ್ಣು ತೆರೆಯದ, ಕೆಂಪಗೆ ಹೆಬ್ಬೆರಳಿನಷ್ಟು ಉದ್ದದ ಮರಿಗಳು. ಎಣಿಸಿದಳು. ಏಳು.

ಅವಳ ಮೈಯಲ್ಲಿ ಎರಡು ವರ್ಷದಿಂದ ಮಲಗಿದ್ದ ಅಧಿಕಾರ ಎದ್ದು ನಿಂತಿತು. ಸೆರಗು ಸಿಕ್ಕಿಸಿಕೊಂಡು ಮೊದಲ ಕೆಲಸವಾಗಿ ಗೂಡಿನೊಳಗಿದ್ದ ನೀರಿನ ಮಣ್ಣಿನ ಬಟ್ಟಲನ್ನು ಹೊರಗೆ ತೆಗೆದು ತೆಂಗಿನ ಬುಡಕ್ಕೆ ಚೆಲ್ಲಿದಳು. ಹಸಿ ಹುಲ್ಲು ತಂಪು, ಅದೂ ಹೊರಗೆ ಹೋಯಿತು. ಒಣ ಹುಲ್ಲು ಮಾತ್ರ ಸಾಕು. ಗಾಳಿ ತಾಗದಂತೆ ಗೂಡಿನ ಮೂರು ಬದಿಗೆ ಹಳೆ ಸೀರೆ ಕಟ್ಟಿದಳು. ಸಂಜೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿದಳು. ಬೆಲ್ಲ, ಒಳ್ಳೆಮೆಣಸಿನ ಉಂಡೆಯೊಂದನ್ನು ಬಾಳೆ ಎಲೆಯ ಮೇಲಿಟ್ಟಳು. ಹೊರಗೆ ಗಂಗೊಳ್ಳಿಯ ಏಪ್ರಿಲ್ ತಿಂಗಳ ಸೆಕೆ. ಬಂದರಿನ ಕಾಗೆಗಳು ಕೂಡ ಬಾಯಿ ತೆರೆದು ನೆರಳಿನಲ್ಲಿ ಕುಳಿತಿದ್ದವು. ಚುಕ್ಕಿ ಉಂಡೆಯನ್ನು ಮೂಸಲಿಲ್ಲ. ಗೂಡಿನ ಮೂಲೆಯಲ್ಲಿ ಕುಳಿತು ಬಟ್ಟಲು ಇದ್ದ ಜಾಗವನ್ನೇ ನೋಡುತ್ತಿತ್ತು.

ಪಕ್ಕದ ಮನೆಯ ಶೇಖರ ಬೇಲಿಯ ಮೇಲಿಂದ ತಲೆ ಹಾಕಿದ. ಐಸ್ ಪ್ಲಾಂಟಿನಲ್ಲಿ ಕೆಲಸ. ಅದಕ್ಕೋ ಏನೋ, ಯಾರು ಎಷ್ಟು ಬಿಸಿಯಾದರೂ ಅವನು ತಣ್ಣಗಿರುತ್ತಿದ್ದ.

"ಎಂತ ಬೆಳ್ಳಕ್ಕ, ಮೊಲಕ್ಕೂ ಕಿವಿಗೆ ಬಟ್ಟಿ ಕಟ್ಟೂದಾ? ಉದ್ದ ಕಿವಿ, ಎರಡ್ ಗಜ ಬೇಕಾತ್ತ್."

"ನೀ ಹುಟ್ಟಿದಾಗ ನಿನ್ ಕಿವಿಗ್ ಕಟ್ಟಿದ್ದೂ ನಾನೇ. ಗಟ್ಟಿ ಕಟ್ಬೇಕಿತ್ತ್, ಬಾಯಿಗೂ ಸೇರ್ಸಿ."

ದಿವ್ಯಾ ಆಸ್ಪತ್ರೆಯಿಂದ ಫೋನು ಮಾಡಿ ಖುಷಿಯಿಂದ ಕೂಗಿದಳು. "ಏಳಾ! ಅಮ್ಮ, ನೀರ್ ಹಾಕಿದ್ಯಲ್ದಾ? ಎಲ್ಲ ಸಮ ಇತ್ತಾ?"

"ನಂಗ್ ಬಾಣಂತನ ಕಲ್ಸ್‌ತ್ಯಾ ನೀನ್? ನೀ ಸುಮ್ನೆ ಮಲ್ಕೋ" ಎಂದು ಬೆಳ್ಳಕ್ಕ ಫೋನು ಇಟ್ಟಳು. ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.

ಮಂಗಳವಾರ ಅವಳಿಗೆ ಚುಕ್ಕಿಯ ಮೇಲೆ ಸಿಟ್ಟು ಬಂತು. ಹೆತ್ತವಳು ಮಕ್ಕಳ ಹತ್ತಿರ ಕೂರುವುದೇ ಇಲ್ಲ. ಮರಿಗಳನ್ನು ತುಪ್ಪಳದಲ್ಲಿ ಮುಚ್ಚಿ ಬೆನ್ನು ತಿರುಗಿಸಿ ದೂರ ಕುಳಿತಿದೆ. ಮೊಲ ದಿನಕ್ಕೆ ಒಂದೆರಡು ಸಲ, ಬೆಳಗ್ಗೆಯೋ ಸಂಜೆಯೋ ಐದು ನಿಮಿಷ ಹಾಲು ಕೊಟ್ಟು ಎದ್ದು ಹೋಗುತ್ತದೆಂಬುದು ಬೆಳ್ಳಕ್ಕನ ಮುನ್ನೂರರಲ್ಲಿ ಇಲ್ಲದ ವಿಷಯ. "ಹೆಣೇ, ನಾಚ್ಕಿ ಇಲ್ಯಾ ನಿಂಗೆ?" ಎಂದು ಅದನ್ನು ಎತ್ತಿ ಕ್ರೇಟಿನ ಮೇಲೆ ಒತ್ತಿ ಹಿಡಿದಳು. ಚುಕ್ಕಿ ಒದ್ದು ಹಾರಿತು. ಮೂಲೆಗೆ ಹೋಗಿ ಹಿಂಗಾಲಿನಿಂದ ನೆಲವನ್ನು ದಬ್ಬೆಂದು ಬಡಿಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಯಾರನ್ನೋ ಎಚ್ಚರಿಸುವ ಹಾಗಿತ್ತು ಆ ಸದ್ದು. ಮೊಲಕ್ಕೆ ಕೂಗಲು ಬರುವುದಿಲ್ಲ.

ಆ ಸಂಜೆ ಎಣಿಸಿದರೆ ಆರು.

ಬೆಳ್ಳಕ್ಕ ಹುಲ್ಲನ್ನು ಜಾಲಾಡಿದಳು, ಕ್ರೇಟಿನ ಕೆಳಗೆ ನೋಡಿದಳು. ಏನೂ ಇಲ್ಲ. ಬಲೆ ಹರಿದಿಲ್ಲ, ಬಾಗಿಲ ಕೊಂಡಿ ಹಾಕಿದ ಹಾಗೇ ಇದೆ. ಬೆಕ್ಕಿಗೆ ದಾರಿಯಿಲ್ಲ, ಕಾಗೆಗೂ ಇಲ್ಲ. ಬಲೆಯ ಕಣ್ಣಿನಲ್ಲಿ ನುಗ್ಗುವುದು ಒಂದೇ ಪ್ರಾಣಿ. "ಹಾವ್!" ಎಂದು ಅವಳು ಕೂಗಿದ ಕೂಗಿಗೆ ಕೇರಿಯೇ ಬಂತು. ಗಂಡಸರು ಕೋಲು ಹಿಡಿದು ಚಾವಡಿಯನ್ನೂ ಸೌದೆ ರಾಶಿಯನ್ನೂ ತೆಂಗಿನ ಬುಡಗಳನ್ನೂ ಬಡಿದರು. ಕೇರೆ ಹಾವು ಇರಬೇಕು, ಸೆಕೆಗೆ ಹೊರಗೆ ಬಂದದ್ದು ಎಂದು ತೀರ್ಮಾನವಾಯಿತು. ಯಾರೂ ಅದನ್ನು ನೋಡಲಿಲ್ಲ, ಉದ್ದ ಮಾತ್ರ ಆಳಿಗೊಂದು ಹೇಳಿದರು. ಬೆಳ್ಳಕ್ಕ ತಾನು ಬಾಲ ಕಂಡೆ ಎಂದಳು. ಹೇಳಿದ ಮೇಲೆ ಕಂಡ ಹಾಗೇ ಅನಿಸಿತು.

ಬುಧವಾರ ಇಡೀ ದಿನ ಅವಳು ಗೂಡಿನೆದುರು ಮಣೆ ಹಾಕಿ ಕುಳಿತಳು. ಕೈಯಲ್ಲಿ ಕೋಲು, ಕಣ್ಣು ನೆಲದ ಮೇಲೆ, ಹಾವು ಬರುವ ದಾರಿಯ ಮೇಲೆ. ಗೂಡಿನೊಳಗೆ ನೋಡಬೇಕೆಂದು ತೋಚಲಿಲ್ಲ. ಒಳಗೆ ಚುಕ್ಕಿ ಹಲ್ಲು ಕಡಿಯುತ್ತಿತ್ತು, ಸಣ್ಣ ಕಲ್ಲುಗಳನ್ನು ಉಜ್ಜಿದ ಹಾಗೆ. ಕಂಬದ ಕಬ್ಬಿಣದ ತಗಡನ್ನು ನೆಕ್ಕಿತು. ಗೋಡೆಯ ಬುಡದ ಪಾಚಿ ಒಣಗಿದ ಜಾಗವನ್ನು ನೆಕ್ಕಿತು. ಹುಲ್ಲು ಸರಿಪಡಿಸಲು ಬೆಳ್ಳಕ್ಕ ಕೈ ಹಾಕಿದಾಗ ಅವಳ ಬೆವರಿದ ಮಣಿಕಟ್ಟನ್ನು ಹಿಡಿದು ಬಿಡದೆ ನೆಕ್ಕಿತು. ನಾಲಗೆ ಮರಳು ಕಾಗದದ ಹಾಗಿತ್ತು. "ಕಾಣ್, ಈಗಳ್ ಪ್ರೀತಿ ಬಂತ್" ಎಂದು ಬೆಳ್ಳಕ್ಕನಿಗೆ ಸಂತೋಷವಾಯಿತು.

ಸಂಜೆ ಎಣಿಸಿದರೆ ನಾಲ್ಕು. ಅವಳು ಮಣೆ ಬಿಟ್ಟು ಎದ್ದದ್ದು ಊಟಕ್ಕೆ, ಒಂದೇ ಸಲ. ಹಗಲು ಹೊತ್ತಿನಲ್ಲಿ, ಅವಳಂಥವಳೇ ಕೋಲು ಹಿಡಿದು ಕುಳಿತಿರುವಾಗ, ಇದು ಯಾವ ಜಾತಿಯ ಹಾವು? ದಿವ್ಯಾಳಿಗೆ ಫೋನಿನಲ್ಲಿ ಹೇಳಲೇಬೇಕಾಯಿತು.

"ಹಾವಾ? ನಮ್ಮನಿ ಚಾವ್ಡಿಗಾ?" ಎಂದಳು ದಿವ್ಯಾ. ಆಮೇಲೆ ಅಳುವ ಸದ್ದು. ಹಿಂದಿನಿಂದ ಪ್ರಭಾವತಿ "ಎಂತ? ಎಂತ ಹಾವ್?" ಎಂದು ಕೇಳುತ್ತಿದ್ದದ್ದು ಕೇಳಿಸಿತು.

ಗುರುವಾರ ಕತ್ತಲೆ ಹರಿದು ಬಂದರಿನಲ್ಲಿ ಬೋಟುಗಳ ಸದ್ದು ಏಳುವ ಹೊತ್ತಿಗೆ ಬೆಳ್ಳಕ್ಕ ಚಾವಡಿಗೆ ಬಂದಳು. ಚುಕ್ಕಿ ಕ್ರೇಟಿನೊಳಗೆ ಕುಳಿತಿತ್ತು. ಅಂತೂ ಹಾಲು ಕೊಡುತ್ತಿದೆ ಎಂದು ಅವಳು ಮೆಲ್ಲಗೆ ಹತ್ತಿರ ಹೋಗಿ ಸೀರೆ ಸರಿಸಿದಳು. ಮೊಲ ತಲೆ ಎತ್ತಿತು. ಅದರ ಬಾಯಿ ಆಡುತ್ತಿತ್ತು. ಹುಲ್ಲು ಜಗಿಯುವಾಗ ಆಡುವ ಹಾಗೆಯೇ, ಅಷ್ಟೇ ಬೇಗ, ಅಷ್ಟೇ ಸಮಾಧಾನದಿಂದ. ಬೂದು ಗಲ್ಲ ಒದ್ದೆಯಾಗಿ ಕೆಂಪಾಗಿತ್ತು. ತುಟಿಯ ಅಂಚಿನಿಂದ ಎಳ್ಳುಕಾಳಿನಷ್ಟು ಸಣ್ಣ ಉಗುರುಗಳಿದ್ದ ಒಂದು ಕಾಲು ಹೊರಗಿತ್ತು. ಬೆಳ್ಳಕ್ಕ ನೋಡುತ್ತಿರುವಾಗಲೇ ಅದೂ ಒಳಗೆ ಹೋಯಿತು.

ಅವಳು ಕೋಲಿನಿಂದ ಮೊಲವನ್ನು ಕ್ರೇಟಿನ ಹೊರಗೆ ತಳ್ಳಿದಳು. ಕ್ರೇಟನ್ನು ಎಳೆದುಕೊಂಡು ಅಡುಗೆ ಮನೆಗೆ ಬಂದು ನೆಲದ ಮೇಲೆ ಕುಳಿತಳು. ತುಪ್ಪಳದ ಬಿಸಿಯಲ್ಲಿ ಮೂರು ಮರಿ ಉಳಿದಿದ್ದವು. ಹೊಟ್ಟೆಯ ಚರ್ಮ ಸುಕ್ಕುಗಟ್ಟಿತ್ತು. ಮುನ್ನೂರು ಬಾಣಂತಿಯರಲ್ಲಿ ಅಳುವವರು, ಬೈಯುವವರು, ಮಗುವಿನ ಮುಖ ನೋಡದವರು, ಎಲ್ಲರನ್ನೂ ಕಂಡಿದ್ದಳು. ಇಂಥದನ್ನು ಕಂಡಿರಲಿಲ್ಲ.

ಹೊತ್ತು ಏರಿದ ಮೇಲೆ ಶೇಖರ ಐಸ್ ಪ್ಲಾಂಟಿನ ಪಾಳಿ ಮುಗಿಸಿ ಬಂದ. ಹೆಗಲ ಮೇಲೆ ಐಸ್ ಹೊತ್ತು ನೆನೆದ ಗೋಣಿ ಇತ್ತು.

"ಬಂತಾ ಬೆಳ್ಳಕ್ಕ, ಹಾವ್?" ಎನ್ನುತ್ತ ಹಿಂಬದಿಯಿಂದ ಚಾವಡಿಗೆ ಬಂದು ಗೋಣಿಯನ್ನು ಗೂಡಿಗೆ ತಾಗಿಸಿ ಹಾಕಿದ. ಮೂಲೆಯಲ್ಲಿ ಮುದುಡಿದ್ದ ಚುಕ್ಕಿ ಒಂದೇ ನೆಗೆತಕ್ಕೆ ಬಂದು ಬಲೆಯ ಕಣ್ಣಿನಿಂದ ಗೋಣಿಯ ಅಂಚನ್ನು ಒಳಗೆಳೆದು ಚೀಪತೊಡಗಿತು. ಮೀನಿನ ವಾಸನೆಯ, ಉಪ್ಪು ನೀರಿನ ಗೋಣಿ. ಚೀಪಿತು, ಹಿಂಡಿತು, ನಾರು ಸಮೇತ ಜಗಿಯಿತು. ಗೋಣಿಗೆ ಅಂಟಿದ್ದ ಐಸಿನ ತುಂಡೊಂದು ಉದುರಿದರೆ ಅದನ್ನು ಮುಂಗಾಲಿನಲ್ಲಿ ಒತ್ತಿ ಹಿಡಿದು ನೆಕ್ಕಿತು.

ಶೇಖರ ಮೊಲದ ಗಲ್ಲದ ಮೇಲೆ ಒಣಗಿದ ಕೆಂಪನ್ನು ನೋಡಿ ಗೂಡಿನೊಳಗೆ ಕಣ್ಣಾಡಿಸಿದ. ಅವನ ನಗು ನಿಂತಿತು.

"ಬೆಳ್ಳಕ್ಕ, ಇದ್ರ್ ನೀರಿನ್ ಬಟ್ಲ್ ಎಲ್ಲಿ?"

ಅಡುಗೆ ಮನೆಯ ಬಾಗಿಲಿಗೆ ಬಂದಿದ್ದ ಅವಳು ತೆಂಗಿನ ಬುಡದ ಕಡೆಗೆ ನೋಡಿದಳು.

"ಎಷ್ಟ್ ದಿನ ಆಯ್ತ್?"

"ಹೆತ್ತ ದಿನದಿಂದ."

ಶೇಖರನೇ ಬಟ್ಟಲು ಹುಡುಕಿ ಬಾವಿಯಿಂದ ನೀರು ಸೇದಿ ಇಟ್ಟ. ಚುಕ್ಕಿ ಕುಡಿಯಿತು. ತಲೆ ಎತ್ತದೆ ಕುಡಿಯಿತು. ಬಟ್ಟಲು ಬರಿದಾದ ಮೇಲೂ ತಳ ನೆಕ್ಕುತ್ತಿತ್ತು. ಶೇಖರ ಮತ್ತೆ ತುಂಬಿದ. ಗೋಣಿ ಎತ್ತಿಕೊಂಡು ಹೋಗುವಾಗ ಬೇಲಿಯ ಹತ್ತಿರ ನಿಂತು ಹೇಳಿದ, "ಹಾವಿಗೂ ಬಾಯಾರ್ಕಿ ಆಪ್ದ್ ಅಕ್ಕ." ಅಷ್ಟೇ. ಕೇರಿಯಲ್ಲಿ ಯಾರಿಗೂ ಅವನು ಏನೂ ಹೇಳಲಿಲ್ಲ. ಬೆಳ್ಳಕ್ಕನಿಗೆ ಅವನು ಹೇಳಿದ್ದರೇ ಚೆನ್ನಾಗಿತ್ತು ಅನಿಸಿತು.

ನೀರು ಕುಡಿಯುವ ಆ ಸದ್ದು ಅವಳು ಹಿಂದೆ ಕೇಳಿದ್ದು. ಎಲ್ಲಿ ಎಂದು ತಿಳಿಯಲು ಮಧ್ಯಾಹ್ನದವರೆಗೆ ಹೊತ್ತು ಬೇಕಾಯಿತು. ಇಪ್ಪತ್ತು ವರ್ಷದ ಹಿಂದೆ ಬಂದರಿನ ಹತ್ತಿರದ ಮನೆ, ಸರಸ ಎಂಬ ಹುಡುಗಿಯ ಬಾಣಂತನ. ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂರಿಸಿ ಹಂಡೆಯ ಬಿಸಿನೀರು ಮೈಗೆ ಎರಚುತ್ತಿದ್ದಳು ಬೆಳ್ಳಕ್ಕ. ಸೀಗೆಪುಡಿಯ ನೊರೆ ಕಣ್ಣಿಗೆ ಬೀಳದಂತೆ ಸರಸ ಎರಡು ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದಾಳಲ್ಲ ಎಂದು ಕೈ ಸರಿಸಿ ನೋಡಿದರೆ ಬೊಗಸೆಯಲ್ಲಿ ಇಳಿದು ಬರುವ ಮೈಯ ನೀರನ್ನೇ ಕುಡಿಯುತ್ತಿದ್ದಳು. ಬೆಳ್ಳಕ್ಕ ಅವಳ ಕೈಗೆ ಫಟ್ಟೆಂದು ಹೊಡೆದಿದ್ದಳು. ಆಮೇಲೆ ಆ ಕಥೆಯನ್ನು ಎಷ್ಟೋ ಮನೆಗಳಲ್ಲಿ ಹೇಳಿ ನಗಿಸಿದ್ದಳು.

ಮರುದಿನ ಬೆಳಿಗ್ಗೆ ಕ್ರೇಟನ್ನು ಮೆಲ್ಲಗೆ ಗೂಡಿನಲ್ಲಿಟ್ಟು, ಹಸಿ ಹುಲ್ಲು ಹಾಕಿ, ಉಸಿರು ಬಿಗಿಹಿಡಿದು ದೂರ ನಿಂತಳು. ಚುಕ್ಕಿ ಮೂಸಿತು, ಒಳಗೆ ಹಾರಿತು, ಐದು ನಿಮಿಷ ಕುಳಿತು ಎದ್ದು ಹೋಯಿತು. ಮೂರೂ ಮರಿಗಳ ಹೊಟ್ಟೆ ನಿಂಬೆಹಣ್ಣಿನಂತೆ ಬಿಗಿಯಾಗಿತ್ತು. ಅಂದೂ ಮೂರು, ಮರುದಿನವೂ ಮೂರು. ಆದರೆ ಬೆಳ್ಳಕ್ಕ ಗೂಡಿನ ಬಾಗಿಲು ತೆಗೆಯುವಾಗೆಲ್ಲ ಮೊದಲು ಆ ಬಾಯಿಯನ್ನು ನೋಡುತ್ತಿದ್ದಳು.

ಕೇರಿಗೆ ಮಾತ್ರ ಹಾವು ಹಾವಾಗಿಯೇ ಉಳಿಯಿತು. ದಿನಕ್ಕೆ ಒಂದು ಗೇಣು ಬೆಳೆಯುತ್ತಲೂ ಇತ್ತು.

ಶನಿವಾರ ದಿವ್ಯಾಳಿಗೆ ಆಪರೇಶನ್ ಆಗಿ ಹೆಣ್ಣು ಮಗು ಹುಟ್ಟಿತು. ಬೆಳ್ಳಕ್ಕ ಹೋಗಿ ನೋಡಿ ಬಂದಳು. ಮಗಳಿಗೆ ಮಂಪರು, ಮಾತಿಲ್ಲ. ಗುರುವಾರ ಮನೆಗೆ ಕಳಿಸುತ್ತಾರೆಂದು ಅವಳು ಕೋಣೆ ಗುಡಿಸಿ, ಹಂಡೆ ತಿಕ್ಕಿ ಕಾದಿದ್ದರೆ ಪ್ರಭಾವತಿಯ ಫೋನು ಬಂತು.

"ಬೆಳ್ಳಕ್ಕ, ಬೇಜಾರ್ ಮಾಡ್ಕಂಬೇಡಿ. ನಾವ್ ಬ್ರಹ್ಮಾವರಕ್ಕೇ ಹೋತ್ತ್."

"ಎಂತಕೆ ಪ್ರಭಕ್ಕ? ಚೊಚ್ಚಲ್ ಬಾಣಂತನ ತವ್ರ್‌ಮನೆಯದ್ದಲ್ದಾ?"

"ಹೌದ್, ಅಲ್ಲ ಅಂದ್ರ್ ಯಾರ್? ಆರೆ ಹಾವ್ ಬಪ್ಪ ಮನಿಗೆ ಹಸಿ ಮಗಿನ್ ಹ್ಯಾಂಗ್ ಕಳ್ಸೂದ್? ನಾಲ್ಕ್ ಮರಿ ನುಂಗಿದ್ ಹಾವ್, ನೀವೇ ಕಣ್ಣಾರೆ ಬಾಲ ಕಂಡಿದ್ರಿಯಂಬ್ರ್."

ಹಾವು ಬಂದೇ ಇಲ್ಲ ಎನ್ನುವ ಬದಲು ಬೆಳ್ಳಕ್ಕ ಹೂಂ ಎಂದು ಫೋನು ಇಟ್ಟಳು. ಯಾರೂ ಕಾಣದ ಹಾವು ಅವಳ ಮಗಳನ್ನೂ ಮೊಮ್ಮಗಳನ್ನೂ ಕಚ್ಚಿಕೊಂಡು ಬ್ರಹ್ಮಾವರಕ್ಕೆ ಹೋಯಿತು.

ಭಾನುವಾರ ಮತ್ತೆ ಪ್ರಭಾವತಿಯೇ ಫೋನು ಮಾಡಿದಳು. ದನಿಯಲ್ಲಿ ಪರೀಕ್ಷೆ ಪಾಸಾದವರ ಬಿಗುಮಾನವಿತ್ತು.

"ಬೆಳ್ಳಕ್ಕ, ನೀವ್ ಯೋಚ್ನಿ ಮಾಡೂದೇ ಬೇಡ. ಸೀಮಂತದ್ ದಿನ ನಂಗೆ ಒಂದ್ ಗಂಟಿ ಹೇಳಿದ್ರಿ ಕಾಣಿ, ಬಾಣ್ತಿ ಕ್ರಮ? ಒಂದೂ ಬಿಡ್ಲಿಲ್ಲೆ. ಆಸ್ಪತ್ರೆಯವ್ರ್ ನೀರ್ ಕುಡಿ, ನೀರ್ ಕುಡಿ ಅಂದ್ರ್. ನಾನ್ ಅಂದೆ, ಅವ್ರ್ ಕೆಲ್ಸ ಆಸ್ಪತ್ರೆಯಲ್ಲ್, ಮನಿಯಲ್ಲ್ ಬೆಳ್ಳಕ್ಕನ್ ಕ್ರಮ. ಊಟ್ ಆದ್ಮೇಲೆ ಅರ್ಧ ಲೋಟ, ಒಂದ್ ಹನಿ ಹೆಚ್ಚಿಲ್ಲೆ."

ಬೆಳ್ಳಕ್ಕ ಚಾವಡಿಯ ಕಂಬ ಹಿಡಿದುಕೊಂಡಳು. "ದಿವ್ಯಾ ಎಂತ ಹೇಳ್ತಳ್?"

"ಅವ್ಳಾ? ಎಂತದೂ ಇಲ್ಲೆ. ಸ್ವಲ್ಪ ಮೈ ಬಿಸಿ ಇತ್ತ್. ಹಾಲ್ ಇನ್ನೂ ಬರ್ಲಿಲ್ಲೆ, ಮಗು ಕೂಗ್‌ತ್ತ್. ಮೊದ್ಲೆಲ್ಲ ನೀರ್ ಕೊಡಿ ಅಂತಿದ್ಳ್, ನಿನ್ನೆಯಿಂದ ಕೇಂಬ್ದೂ ಇಲ್ಲೆ."

ಕೇಳುವುದು ನಿಲ್ಲಿಸಿದ್ದಾಳೆ. ತಾಯಿಯೆದುರು ಅರಚುವ ಬಾಯಿ ಅತ್ತೆಯ ಮನೆಯಲ್ಲಿ ಅರಚುವುದಿಲ್ಲ, ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಅರಚಲು ಶಕ್ತಿಯೂ ಇರುವುದಿಲ್ಲ. "ಪ್ರಭಕ್ಕ, ನೀರ್ ಕೊಡಿ ಅವ್ಳಿಗೆ" ಎಂದಳು ಬೆಳ್ಳಕ್ಕ.

ಪ್ರಭಾವತಿ ನಕ್ಕಳು. "ಮಗ್ಳ್ ಅಂದ್ಕೂಡ್ಲೆ ಕರ್ಗಿ ಹೋದ್ರ್ಯಾ? ಬಾಣ್ತಿ ಕಣ್ಣೀರ್ ಹಾಕ್ರೂ ಕರ್ಗೂಕಾಗ ಅಂತ ಹೇಳಿದ್ದೂ ನೀವೇ."

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಬೆಳ್ಳಕ್ಕ ಹೊರಟಳು. ಗೂಡಿನ ಬಟ್ಟಲಿಗೆ ಎರಡು ಹೊತ್ತು ನೀರು ಹಾಕಬೇಕೆಂದು ಶೇಖರನಿಗೆ ಮೂರು ಸಲ ಹೇಳಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೆಣೆದಳು. ಕಾಲ ಬದಲಾಗಿದೆ ಎನ್ನಬಹುದು. ಆಪರೇಶನ್ ಆದವರ ಕ್ರಮ ಬೇರೆ ಎನ್ನಬಹುದು. ಕುಂದಾಪುರದಲ್ಲಿ ಬಸ್ಸು ಬದಲಾಯಿಸುವಾಗ ಇನ್ನೂ ಒಳ್ಳೆಯದೊಂದು ಹೊಳೆಯಿತು: ದೊಡ್ಡ ಡಾಕ್ಟರೊಬ್ಬರು ತನ್ನನ್ನು ಕರೆಸಿ ಸಲಹೆ ಕೇಳಿದರು, ಮಾತುಕತೆ ಮಾಡಿ ಇಬ್ಬರೂ ಸೇರಿ ಕ್ರಮ ಸ್ವಲ್ಪ ತಿದ್ದಿದೆವು. ಹೆಸರಿಗೆ ಒಂದು ಗೀರೂ ಬೀಳದಂಥ ಮಾತು. ಕೋಟ ದಾಟುವವರೆಗೂ ಅದನ್ನೇ ಬಾಯಿಪಾಠ ಮಾಡಿದಳು.

ಬ್ರಹ್ಮಾವರದ ಮನೆಯ ಕೋಣೆಗೆ ಕಾಲಿಟ್ಟಾಗ ಬೆಳ್ಳಕ್ಕನಿಗೆ ತನ್ನ ಕನ್ನಡಿಯೊಳಗೆ ನಡೆದ ಹಾಗಾಯಿತು. ಕಿಟಕಿಗೆ ಕಂಬಳಿ. ಫ್ಯಾನಿನ ಸ್ವಿಚ್ಚಿಗೆ ಟೇಪು. ಮೂಲೆಯಲ್ಲಿ ಸಾಂಬ್ರಾಣಿಯ ಬೂದಿ. ಮಂಚದ ಮೇಲೆ ಕಿವಿಗೆ ಬಟ್ಟೆ ಕಟ್ಟಿದ ದಿವ್ಯಾ. ಪ್ರಭಾವತಿ ಒಂದೊಂದನ್ನೇ ಬೆರಳು ಮಾಡಿ ತೋರಿಸಿದಳು. ಎಲ್ಲವೂ ಅಚ್ಚುಕಟ್ಟು, ಬೆಳ್ಳಕ್ಕನೇ ಮಾಡಿದ್ದರೂ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

ದಿವ್ಯಾಳ ತುಟಿ ಬಿರಿದು ಬಿಳಿ ಸಿಪ್ಪೆ ಎದ್ದಿತ್ತು. ಕಣ್ಣು ತೆರೆದೇ ಇತ್ತು, ಆದರೆ ತಾಯಿ ಬಂದದ್ದನ್ನು ನೋಡಿದ ಹಾಗೆ ಕಾಣಲಿಲ್ಲ. ಪಕ್ಕದಲ್ಲಿ ಮಗು ಕೂಗಿ ಕೂಗಿ ಸುಸ್ತಾಗಿ ಸಣ್ಣಗೆ ನರಳುತ್ತಿತ್ತು. ದಿವ್ಯಾ ಅದರ ಕಡೆಗೆ ತಿರುಗಲಿಲ್ಲ. ಹಣೆ ಮುಟ್ಟಿದರೆ ದೋಸೆ ಕಾವಲಿಯ ಬಿಸಿ.

"ನೀರ್ ತನ್ನಿ ಪ್ರಭಕ್ಕ."

"ಊಟ ಆಯ್ಲಿಲ್ಲೆ ಇನ್ನೂ. ನೀವೇ..."

"ನೀರ್ ತನ್ನಿ!"

"ಎಂತ ಬೆಳ್ಳಕ್ಕ ಇದ್? ಮುನ್ನೂರ್ ಬಾಣ್ತಿ ಬದ್ಕಿದ್ ಕ್ರಮ ನನ್ ಸೊಸಿಗ್ ಮಾತ್ರ ಬೇಡ್ದಾ?" ಪ್ರಭಾವತಿ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಹಟದಿಂದಲ್ಲ, ಭಕ್ತಿಯಿಂದ.

ಡಾಕ್ಟರ ಕಥೆ ನಾಲಗೆಯ ತುದಿಯಲ್ಲಿತ್ತು. ಬೆಳ್ಳಕ್ಕ ಬಾಯಿ ತೆರೆದಳು. ಹೊರಬಂದದ್ದು ಬೇರೆಯೇ.

"ಹಾವ್ ಬರ್ಲಿಲ್ಲೆ ಪ್ರಭಕ್ಕ. ನಾನ್ ಬಾಲ ಕಾಣ್ಲಿಲ್ಲೆ. ಮರಿ ತಿಂದದ್ದ್ ತಾಯಿ. ನಾನೇ ನೀರ್ ಕೊಡ್ದೆ ಮೂರ್ ದಿನ ಇಟ್ಟಿದ್ದೆ, ಬಾಣ್ತಿ ಅಂದೇಳಿ. ಬಾಯಾರ್ಕಿ ತಡೂಕಾಗ್ದೆ ತಿಂತ್. ನನ್ ಕಣ್ಣೆದ್ರೇ ತಿಂತ್."

ಪ್ರಭಾವತಿ ಅವಳ ಮುಖ ನೋಡಿದಳು. ಆಮೇಲೆ ದಿವ್ಯಾಳ ಮುಖ ನೋಡಿದಳು. ಏನು ತೋಚಿತೋ, ಸರಕ್ಕನೆ ಬಗ್ಗಿ ತಾಯಿಯ ಪಕ್ಕದಿಂದ ಮಗುವನ್ನು ಎತ್ತಿ ಎದೆಗೆ ಅವಚಿಕೊಂಡಳು. ಬೇರೆ ಹೊತ್ತಾಗಿದ್ದರೆ ಬೆಳ್ಳಕ್ಕ ನಗುತ್ತಿದ್ದಳು. ಅವಳೇ ಅಡುಗೆ ಮನೆ ಹುಡುಕಿ ಚೊಂಬು ತಂದು ಮಗಳ ತಲೆ ಎತ್ತಿ ಹಿಡಿದಳು. ದಿವ್ಯಾಳಿಗೆ ಮೊದಲ ಗುಟುಕು ನುಂಗಲು ಬರದೆ ಗಲ್ಲದ ಮೇಲೆ ಇಳಿಯಿತು. ಎರಡನೆಯದು ಒಳಗೆ ಹೋಯಿತು. ಆಮೇಲೆ ಅವಳು ಎರಡೂ ಕೈಯಿಂದ ಚೊಂಬನ್ನು ಹಿಡಿದುಕೊಂಡಳು; ಬಿಡಿಸಿಕೊಳ್ಳಲು ಆಗದಷ್ಟು ಬಿಗಿಯಾಗಿ.

ಮಧ್ಯಾಹ್ನದೊಳಗೆ ರಿಕ್ಷಾ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ದಿವ್ಯಾಳಷ್ಟೇ ವಯಸ್ಸಿನ ಹೆಂಗಸು. ನಾಡಿ ನೋಡಿದಳು, ನಾಲಗೆ ನೋಡಿದಳು, ನರ್ಸಿಗೆ ಏನೋ ಹೇಳಿ ಡ್ರಿಪ್ ಹಾಕಿಸಿದಳು. ಆಮೇಲೆ ಇಬ್ಬರು ಹಿರಿಯ ಹೆಂಗಸರ ಕಡೆಗೆ ತಿರುಗಿದಳು.

"ಇನ್ನೊಂದು ದಿನ ಬಿಟ್ಟಿದ್ದರೆ ನಾನು ಏನೂ ಹೇಳೋಕಾಗ್ತಿರಲಿಲ್ಲ. ಹೊಲಿಗೆಯಲ್ಲೂ ಸೋಂಕಿದೆ. ಈಗಲೂ ಎರಡು ದಿನ ಕಳೀಬೇಕು. ನೀರು ಕೊಡಬೇಡಿ ಅಂತ ನಿಮಗೆ ಹೇಳಿದ್ದು ಯಾರು?"

ಪ್ರಭಾವತಿ ಸೆರಗಿನ ತುದಿಯನ್ನು ತಿರುಚುತ್ತ ನೆಲ ನೋಡಿದಳು.

"ನಾನ್" ಎಂದಳು ಬೆಳ್ಳಕ್ಕ. ಡಾಕ್ಟರು ಬೈಯುತ್ತಾಳೆಂದು ಕಾದಳು. ಡಾಕ್ಟರು ಬೈಯಲಿಲ್ಲ. ಚೀಟಿಯಲ್ಲಿ ಏನೋ ಬರೆದು ಮುಂದಿನ ಮಂಚಕ್ಕೆ ಹೋದಳು.

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕುಳಿತರು. ಮಗುವಿಗೆ ನರ್ಸು ಪುಡಿ ಹಾಲು ಕುಡಿಸಿದ್ದರಿಂದ ಅದು ಪ್ರಭಾವತಿಯ ಮಡಿಲಲ್ಲಿ ಮಲಗಿತ್ತು. ಬಾಗಿಲ ಗಾಜಿನಿಂದ ದಿವ್ಯಾಳ ಕೈಗೆ ಇಳಿಯುವ ಡ್ರಿಪ್ಪಿನ ಹನಿಗಳು ಕಾಣುತ್ತಿದ್ದವು. ಪ್ರಭಾವತಿ ತಗ್ಗಿದ ದನಿಯಲ್ಲಿ ಕೇಳಿದಳು.

"ಬೆಳ್ಳಕ್ಕ, ಸೀಮಂತದ್ ದಿನ ನೀವ್ ಎಷ್ಟೆಲ್ಲ ಹೇಳಿದ್ರಿ. ಹೊಗೆ, ಕಿವಿ ಬಟ್ಟಿ, ಎಣ್ಣೆ, ಮದ್ದ್. ಅದ್ರಲ್ಲ್ ಯಾವ್ದ್ ಸಮ, ಯಾವ್ದ್ ಸಮ ಅಲ್ಲ?"

ಮೂವತ್ತನಾಲ್ಕು ವರ್ಷದಲ್ಲಿ ಬೆಳ್ಳಕ್ಕನಿಗೆ ಉತ್ತರ ಬಾರದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳು ಗಾಜಿನ ಆಚೆಗೆ ನೋಡುತ್ತ ಒಂದೊಂದೇ ಕಟ್ಟಳೆಯನ್ನು ನೆನೆಸಿಕೊಂಡಳು, ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟಳು.

"ಗೊತ್ತಿಲ್ಲೆ ಪ್ರಭಕ್ಕ" ಎಂದಳು.